ಬೀರುವಿನ ಮೇಲೆ ಇಪ್ಪತ್ತು ಡಿಸ್ಕು

ಮೊದಲ ಕ್ಯಾಸೆಟ್ಟಿನಲ್ಲಿ ಚಿತ್ರವಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದನ್ನು ಯಂತ್ರಕ್ಕೆ ತುರುಕಿದೆ. ಪರದೆಯ ತುಂಬ ಬಿಳಿ ಚುಕ್ಕೆಗಳು, ಜೊತೆಗೆ ಬರಬರ ಸದ್ದು. ಅಷ್ಟೇ.

ಬೆಳಿಗ್ಗೆ ಎಲ್ಲ ಸರಿಯಾಗಿತ್ತು. ಒಂದೂವರೆಗೆ ಊಟಕ್ಕೆಂದು ಷಟರ್ ಎಳೆದೆವು, ಮೂರೂವರೆಗೆ ತೆರೆದೆವು. ಅಷ್ಟರಲ್ಲಿ ನಮ್ಮ ವಿಡಿಯೋ ಲೈಬ್ರರಿಯ ಎದುರು ಕಪಾಟಿನ ನಲವತ್ತೆರಡು ಕ್ಯಾಸೆಟ್ಟುಗಳು — ಜನ ಹೆಸರು ಬರೆಸಿ ಕಾದು ಒಯ್ಯುವಂಥವೇ — ಒಂದೂ ಬಿಡದೆ ಹಾಳಾಗಿದ್ದವು. ಕಪಾಟಿನ ಕೆಳಗೆ ಅಂಗೈಯಗಲದ ಅಯಸ್ಕಾಂತ ಬಿದ್ದಿತ್ತು, ಹಳೆಯ ಸ್ಪೀಕರಿನಿಂದ ಕಳಚಿದ್ದು. ಕ್ಯಾಸೆಟ್ಟಿಗೆ ಅದನ್ನು ಉಜ್ಜಿದರೆ ಒಳಗಿನ ಚಿತ್ರ ಅಳಿಸಿಹೋಗುತ್ತದೆ. ನಮ್ಮ ಕಸುಬಿನವರಿಗೆಲ್ಲ ಇದು ಗೊತ್ತು. ‘ಸ್ಪೀಕರ್ ಹತ್ತಿರ ಕ್ಯಾಸೆಟ್ ಇಡಬೇಡಿ’ ಎಂದು ನಮ್ಮ ಯಜಮಾನರೇ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ.

ನನಗೆ ಮೈಯೆಲ್ಲ ಉರಿದುಹೋಯಿತು. ಯಾವ ಪಾಪಿಯ ಕೆಲಸ ಇದು?

ಅದೇ ಕಪಾಟಿನ ಮೇಲಿನ ಸಾಲಿನಲ್ಲಿ ಇಪ್ಪತ್ತು ಡಿಸ್ಕುಗಳಿದ್ದವು. ಹೊಸದಾಗಿ ಬಂದಿರುವ ಹೊಳೆಯುವ ತಟ್ಟೆಗಳು. ಇನ್ನು ಮುಂದೆ ಮನೆಮನೆಯಲ್ಲೂ ಇವೇ, ಕ್ಯಾಸೆಟ್ಟಿನ ಕಾಲ ಮುಗಿಯಿತು ಎಂದು ಡಿಸ್ಕ್ ಮಾರುವ ಕಂಪನಿಯವನು ನೋಡಲೆಂದು ಅವುಗಳ ಯಂತ್ರದ ಜೊತೆ ಬಿಟ್ಟುಹೋಗಿದ್ದ. ಅವು ಅಲ್ಲಿರಲಿಲ್ಲ. ಹುಡುಕಿದಾಗ ಒಳಮನೆಯ ಬೀರುವಿನ ಮೇಲೆ ಸಿಕ್ಕವು, ಟವೆಲಿನಲ್ಲಿ ಸುತ್ತಿಟ್ಟಿದ್ದವು.

ಯಜಮಾನರು ಟವೆಲ್ ಬಿಚ್ಚಿ ಕೂಗಿದರು. “ನೋಡಿದ್ಯಾ? ಕ್ಯಾಸೆಟ್ಟೆಲ್ಲಾ ಹಾಳು ಮಾಡಿ, ತನ್ನ ಡಿಸ್ಕುಗಳನ್ನ ಮಾತ್ರ ಕೂಸಿನ ಥರ ಎತ್ತಿ ಮಲಗಿಸಿದಾನೆ! ಕ್ಯಾಸೆಟ್ಟೇ ಇಲ್ಲ ಅಂದ್ರೆ ನಾನು ಡಿಸ್ಕಿಗೆ ಇಳಿಯಲೇಬೇಕಲ್ಲ! ಮನೆಮುರುಕಾ!”

ಬೈದದ್ದು ತಮ್ಮ ತಮ್ಮನನ್ನು, ನನ್ನ ಮೈದುನನನ್ನು. ಆರು ವರ್ಷದಿಂದ ಕೌಂಟರಿನಲ್ಲಿ ನಿಂತು ಸವೆದವನು. ಡಿಸ್ಕಿನ ಯೋಚನೆ ಅವನದೇ, ನಿಜ.

“ಅಣ್ಣಾ, ನಾನಲ್ಲ,” ಎಂದ.

“ಬಾಯಿ ಮುಚ್ಚು! ಸಂಜೆಯೊಳಗೆ ಗಂಟುಮೂಟೆ ಕಟ್ಟು. ಈ ಮನೇಲೂ ಬೇಡ, ಅಂಗಡೀಲೂ ಬೇಡ.”

ಮೈದುನ ಒಳಗೆ ಹೋಗಿ ಚೀಲ ತುಂಬತೊಡಗಿದ. ಜಗಳ ಕಾಯದೆ ಹಾಗೆ ಹೋದದ್ದಕ್ಕೆ ನನಗೆ ಅವನ ಮೇಲೂ ಸಿಟ್ಟು ಬಂತು.

ಆರು ಗಂಟೆಗೆ ಕಂಪನಿಯವನು ಬರುವವನಿದ್ದ. ಯಜಮಾನರು ಸಹಿ ಹಾಕಿದರೆ ಅರ್ಧ ಅಂಗಡಿ ಡಿಸ್ಕಿಗೆ, ಐದು ವರ್ಷ ಅದೇ ಕಂಪನಿಗೆ. ಬೇಗ ಇಳಿದವನಿಗೆ ಲಾಭವೋ, ಗುಂಡಿಯೋ — ಯಾರಿಗೆ ಗೊತ್ತು? ಇವರಿಗಂತೂ ಒಮ್ಮೆ ಗುಂಡಿಯೇ ಆಗಿತ್ತು. ಹತ್ತು ವರ್ಷದ ಹಿಂದೆ ಮನೆಯಲ್ಲಿ ಕೂತು ಸಿನಿಮಾ ನೋಡುವ ಯಂತ್ರ ಬಂದಾಗ, ಊರಿಗೆಲ್ಲ ಮೊದಲು ಇವರೇ ತಂದರು. ತಂದದ್ದು ಸಣ್ಣ ಕ್ಯಾಸೆಟ್ಟಿನದು. ಎರಡೇ ವರ್ಷದಲ್ಲಿ ಜನರೆಲ್ಲ ದೊಡ್ಡ ಕ್ಯಾಸೆಟ್ಟಿನ ಹಿಂದೆ ಹೋದರು. ಆ ಮುನ್ನೂರು ಸಣ್ಣ ಕ್ಯಾಸೆಟ್ಟುಗಳು ಇಂದಿಗೂ ಅಟ್ಟದ ಮೇಲಿವೆ. ಇವರಿಗೆ ‘ಮೊದಲಿಗ’ ಎಂದು ಅಡ್ಡಹೆಸರು ಅಂಟಿತು.

ಅದರ ಹಿಂದಿನ ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ಡಿಸ್ಕ್ ತೋರಿಸುವ ಕಾರ್ಯಕ್ರಮವಿತ್ತು. “ಮೊದಲಿಗರು ಈ ಸಲಾನೂ ಮೊದಲೇನಾ?” ಎಂದು ಯಾರೋ ಕಿಚಾಯಿಸಿದರು. ಎಲ್ಲ ನಕ್ಕರು. ಇವರ ಮುಖ ಕೆಂಪಾಯಿತು. “ಶನಿವಾರ ಬನ್ನಿ, ಸಹಿ ಹಾಕ್ತೀನಿ!” ಎಂದು ಕಂಪನಿಯವನಿಗೆ ಹೇಳಿ ಸರಸರನೆ ಬೀದಿಗೆ ಇಳಿದುಹೋದರು. ಮನೆಯ ಉಳಿದವರೆಲ್ಲ ಕೊನೆಯವರೆಗೂ ಕೂತು ನೋಡಿದೆವು. ಆಮೇಲೆ ವಾರವಿಡೀ ಮನೆಯಲ್ಲಿ ಡಿಸ್ಕಿನ ಮಾತೆತ್ತಲು ಬಿಡಲಿಲ್ಲ.

ನಾನು ದೊಡ್ಡಮ್ಮನಿಗೆ ಫೋನ್ ಮಾಡಿ, ಭಾನುವಾರದ್ದೂ ಸೇರಿ ಎಲ್ಲ ಹೇಳಿದೆ. ಎರಡು ಬೀದಿ ಆಚೆಗೆ ಅವಳ ಮನೆ. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವಳು. ಬೆಂಕಿ ಬಿದ್ದ ಗೋದಾಮುಗಳಿಗೆ ಹೋಗಿ, ಬಿದ್ದದ್ದೋ ಹಚ್ಚಿದ್ದೋ ಎಂದು ಪತ್ತೆ ಮಾಡುವುದೇ ಕೆಲಸ. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

“ಆ ಎರಡು ಗಂಟೆ ಹೊತ್ತು ಒಳಗೆ ಯಾರ್ಯಾರಿದ್ರೇ?”

“ನಾವು ಮೂರು ಜನ. ಮೆಕ್ಯಾನಿಕ್ ಹಿಂದಿನ ಕೋಣೇಲಿ ರಿಪೇರಿಗೆ ಬಂದ ಕ್ಯಾಸೆಟ್ ಯಂತ್ರ ಬಿಚ್ಚಿಕೊಂಡು ಕೂತಿದ್ದ. ಕಂಪನಿಯವನು ಎರಡೂವರೆಗೆ ಬಂದು ಫಾರಂ ಕೊಟ್ಟು ಹೋದ.”

“ಅವನು ಕಪಾಟಿನ ಹತ್ರ ಬಂದ್ನಾ?”

“ಇಲ್ಲ. ಹಿಂದಿನ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋದ.”

ಯಜಮಾನರು ಮುಂದೆ ನಿಂತು ಗಿರಾಕಿಗಳನ್ನು ವಾಪಸ್ ಕಳಿಸುತ್ತಿದ್ದರು. ದೊಡ್ಡಮ್ಮ ಹಿಂದಿನ ಕೋಣೆಗೆ ನಡೆದಳು.

“ಈ ಅಯಸ್ಕಾಂತ ನಿಂದೇನಪ್ಪಾ?”

“ನಂದೇ ಅಮ್ಮಾ,” ಎಂದ ಮೆಕ್ಯಾನಿಕ್. “ಭಾನುವಾರದಿಂದ ಮೇಜಿನ ಮೇಲೇ ಬಿದ್ದಿತ್ತು. ಊಟಕ್ಕೆ ಎದ್ದಾಗ ಯಾರು ಬೇಕಾದ್ರೂ ಎತ್ಕೋಬಹುದಿತ್ತು.”

“ಡಿಸ್ಕ್ ಬಂದ್ರೆ ನಿನ್ನ ಹೊಟ್ಟೆಪಾಡು ಹೋಗುತ್ತಲ್ವಾ?”

“ಹೋಗುತ್ತೆ! ಅದಕ್ಕೆ ಕ್ಯಾಸೆಟ್ ಯಾಕೆ ಕೆಡಿಸ್ಲಿ? ಡಿಸ್ಕನ್ನೇ ಮುರೀತಿದ್ದೆ!” ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮೇಜಿಗೆ ಟಪ್ಪೆಂದು ಬಿತ್ತು.

“ಭಾನುವಾರ ಇದಕ್ಕೇನು ಕೆಲಸ ಇತ್ತು?”

“ಕಂಪನಿಯವರು ಇಸ್ಕೊಂಡಿದ್ರು. ಡಿಸ್ಕಿಗೆ ಉಜ್ಜಿ ತೋರಿಸೋಕೆ.”

“ಯಾವಾಗ? ಅಳಿಯಂದ್ರು ಎದ್ದು ಹೋಗೋ ಮುಂಚೆಯೋ, ಆಮೇಲೋ?”

ಮೆಕ್ಯಾನಿಕ್ ತಲೆ ಕೆರೆದುಕೊಂಡ. “ಆಮೇಲೆ. ಕಾರ್ಯಕ್ರಮದ ಕೊನೆಯಲ್ಲಿ.”

ದೊಡ್ಡಮ್ಮ ಮತ್ತೇನೂ ಕೇಳಲಿಲ್ಲ. ಅಯಸ್ಕಾಂತ ಹಿಡಿದು ಮುಂದಕ್ಕೆ ಬಂದಳು. ಬೀರುವಿನಿಂದ ತಂದು ಕೌಂಟರಿನ ಮೇಲಿಟ್ಟಿದ್ದ ಒಂದು ಡಿಸ್ಕನ್ನು ಹೊದಿಕೆಯಿಂದ ತೆಗೆದಳು. ಅಯಸ್ಕಾಂತವನ್ನು ಅದರ ಹತ್ತಿರಕ್ಕೆ ತಂದಳು —

“ಅಯ್ಯೋ, ಬೇಡ!” ಯಜಮಾನರು ಹಾರಿ ಬಂದು ಅವಳ ಕೈ ಹಿಡಿದರು. “ಹತ್ರ ತರಬೇಡಿ! ಅಳಿಸಿಹೋಗುತ್ತೆ!”

ಚೀಲ ಹಿಡಿದು ಒಳಬಾಗಿಲಿಗೆ ಬಂದಿದ್ದ ಮೈದುನ ಅಣ್ಣನನ್ನೇ ನೋಡಿದ. ದೊಡ್ಡಮ್ಮನ ಹಿಂದೆಯೇ ಬಂದಿದ್ದ ಮೆಕ್ಯಾನಿಕ್ ಬಾಯಿ ತೆರೆದವನು ಮುಚ್ಚಲಿಲ್ಲ.

ದೊಡ್ಡಮ್ಮ ಕೈ ಬಿಡಿಸಿಕೊಂಡು ಡಿಸ್ಕಿಗೆ ಮೂರು ಸಲ ಅಯಸ್ಕಾಂತ ಆಡಿಸಿ ಮೈದುನನಿಗೆ ಕೊಟ್ಟಳು. “ಹಾಕಪ್ಪಾ.”

ಅವನು ಕಂಪನಿಯ ಯಂತ್ರಕ್ಕೆ ಹಾಕಿದ, ಪರದೆಯ ಮೇಲೆ ಚಿತ್ರ ಬಂತು. ಒಂದು ಚುಕ್ಕೆಯೂ ಇಲ್ಲ.

“ಸುಟ್ಟಿದ್ದು ನನಗೆ ಯಾವತ್ತೂ ಏನೂ ಹೇಳಿಲ್ಲ, ಅಳಿಯಂದ್ರೇ,” ಎಂದಳು ದೊಡ್ಡಮ್ಮ. “ಬೆಂಕಿಗೆ ಮೊದಲು ಏನು ಹೊರಗೆ ಸಾಗಿಸಿದ್ರು ಅಂತ ನೋಡ್ತಿದ್ದೆ. ನೀವೆಲ್ಲಾ ಹಾಳಾದ ಕ್ಯಾಸೆಟ್ ನೋಡಿದ್ರಿ. ನಾನು ಬೀರು ನೋಡಿದೆ. ಡಿಸ್ಕಿಗೆ ಅಯಸ್ಕಾಂತ ಏನೂ ಮಾಡಲ್ಲ. ಅದನ್ನ ಭಾನುವಾರ ಇವಳು ನೋಡಿದಾಳೆ, ನಿಮ್ಮ ತಮ್ಮ ನೋಡಿದಾನೆ, ಮೆಕ್ಯಾನಿಕ್ ನೋಡಿದಾನೆ. ಅವರಲ್ಲಿ ಯಾರಿಗೂ ಡಿಸ್ಕ್ ಎತ್ತಿಡೋ ಯೋಚನೆ ಬರ್ತಿರಲಿಲ್ಲ. ಅಯಸ್ಕಾಂತಕ್ಕೆ ಹೆದರಿ ಟವೆಲಿನಲ್ಲಿ ಸುತ್ತಿ ಅಷ್ಟು ದೂರ ಒಯ್ದಿದ್ದು ಯಾರು? ಅದನ್ನ ನೋಡದೇ ಎದ್ದು ಹೋದೋರು. ನೀವು.”

ಯಜಮಾನರು ಸ್ಟೂಲಿನ ಮೇಲೆ ಕುಸಿದರು. “ಕಂಪನಿ ಮಾಲು... ಹಾಳಾದ್ರೆ ಏನಂತ ವಾಪಸ್ ಕೊಡೋದು ಅಂತ...”

“ಯಾಕ್ರೀ?” ನಾನು ಗಂಟಲು ಹರಿಯುವಂತೆ ಕೂಗಿದೆ. “ಯಾಕೆ?”

“ಅಷ್ಟು ಜನರ ಮುಂದೆ ಸಹಿ ಹಾಕ್ತೀನಿ ಅಂದುಬಿಟ್ಟಿದ್ದೆ. ಹಾಕಿದ್ರೆ ಅಟ್ಟದ ಮೇಲೆ ಇನ್ನೊಂದು ರಾಶಿ. ಹಾಕದಿದ್ರೆ ಇನ್ನೊಂದು ನಗೆಪಾಟಲು. ಡಿಸ್ಕಿಗೋಸ್ಕರ ಇವನು ಹೀಗೆ ಮಾಡಿದಾನೆ ಅಂದ್ರೆ, ಆ ಸಿಟ್ಟಿಗೇ ಡಿಸ್ಕ್ ಬೇಡ ಅನ್ನಬಹುದು, ವ್ಯವಹಾರ ತಾನಾಗೇ ಮುರಿಯುತ್ತೆ, ಯಾರೂ ನಗಲ್ಲ ಅಂದ್ಕೊಂಡೆ.”

“ನಿಮ್ಮ ಮರ್ಯಾದೆ ಉಳಿಸೋಕೆ ಅವನನ್ನ ಬೀದಿಗೆ ಹಾಕೋಕೆ ಹೊರಟ್ರಾ? ನಾಚಿಕೆ ಆಗಲ್ವಾ?”

ಮಾತಾಡಿದ್ದು ಮೈದುನ, ತಣ್ಣಗೆ.

“ಭಯ ಆಗುತ್ತೆ ಕಣೋ ಅಂತ ನನ್ನ ಹತ್ರ ಒಂದು ಮಾತು ಅಂದಿದ್ರೆ ಫಾರಂ ನಾನೇ ಹರಿದು ಹಾಕ್ತಿದ್ದೆ, ಅಣ್ಣಾ. ಆರು ವರ್ಷದಲ್ಲಿ ಅಷ್ಟೂ ಗೊತ್ತಾಗಲಿಲ್ವಾ ನಿಮಗೆ?”

ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ. ಎದುರಿಗೆ ಹೊಲಿಗೆ ಟೀಚರ್ ಹತ್ತಿ ಬರುತ್ತಿದ್ದರು. ಮೂರು ವಾರದ ಹಿಂದೆ ಹೆಸರು ಬರೆಸಿದ್ದ ಕ್ಯಾಸೆಟ್ ಕೇಳಿದರು.

“ಅದು ಹಾಳಾಗಿದೆ ಟೀಚರ್,” ಎಂದರು ಯಜಮಾನರು.

“ಅಯ್ಯೋ! ಯಾರು ಹಾಳು ಮಾಡಿದ್ರು?”

ಇವರು ನನ್ನ ಮುಖ ನೋಡಿದರು. ನಾನು ಸಹಾಯಕ್ಕೆ ಹೋಗಲಿಲ್ಲ. ಯಾಕೆ ಹೋಗಲಿ?

“ನಾನೇ,” ಎಂದರು. “ನಾನೇ ಹಾಳು ಮಾಡಿ ನನ್ನ ತಮ್ಮನ ಮೇಲೆ ಹಾಕಿದ್ದೆ.”

ಮೈದುನ ಕೊನೆಯ ಮೆಟ್ಟಿಲಲ್ಲಿ ನಿಂತ. ಆಮೇಲೆ ವಾಪಸ್ ಬಂದು ಚೀಲವನ್ನು ಕೌಂಟರಿನ ಕೆಳಗೆ ನೂಕಿದ. ಅಣ್ಣನ ಕಡೆ ತಿರುಗಿಯೂ ನೋಡದೆ, “ಬನ್ನಿ ಟೀಚರ್, ಬೇರೇದು ತೋರಿಸ್ತೀನಿ,” ಎಂದ.

ಆರಕ್ಕೆ ಕಂಪನಿಯವನು ಬಂದ. “ನನಗೆ ಭಯ ಇದೆ. ಈ ವರ್ಷ ಬೇಡ,” ಎಂದರು ಇವರು. ಅವನು, “ಅಷ್ಟೇ ತಾನೇ ಸಾರ್? ಸುಮಾರು ಜನ ಹಾಗೇ ಅಂದಿದಾರೆ,” ಎಂದು ಫಾರಂ ಮಡಚಿಕೊಂಡು ಡಿಸ್ಕು, ಯಂತ್ರಗಳೊಂದಿಗೆ ಹೋದ. ಎಲ್ಲ ಸೇರಿ ಒಂದು ನಿಮಿಷವೂ ಹಿಡಿಯಲಿಲ್ಲ. ಆ ಒಂದು ನಿಮಿಷಕ್ಕೆ ಹೆದರಿ ಇಷ್ಟೆಲ್ಲ ಮಾಡಿದ ಮನುಷ್ಯನನ್ನು ನೋಡಿ ನನಗೆ ಮತ್ತೆ ರಕ್ತ ಕುದಿಯಿತು.

ನಾನು ಇವರೊಂದಿಗೆ ಮಾತು ಬಿಟ್ಟು ಇವತ್ತಿಗೆ ಒಂಬತ್ತು ದಿನ. ಮೈದುನ ಅಂಗಡಿಯ ಮಾತು ಬಿಟ್ಟು ಬೇರೆ ಆಡುವುದಿಲ್ಲ. ಹೆಸರು ಬರೆಸಿದ ಗಿರಾಕಿಗಳು ಒಬ್ಬೊಬ್ಬರೇ ಬರುತ್ತಿದ್ದಾರೆ, ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಇವರು ತಮ್ಮನ ಎದುರೇ ಹೇಳುತ್ತಿದ್ದಾರೆ: ನಾನೇ. ನಲವತ್ತೆರಡರಲ್ಲಿ ಹನ್ನೊಂದು ಮುಗಿದಿದೆ. ಇನ್ನೂ ಮೂವತ್ತೊಂದು ಕ್ಯಾಸೆಟ್ಟು ಕೇಳುವವರು ಬರಬೇಕು. ಬರಲಿ.