ರಿಬ್ಬನ್ ಕಟ್ಟಿದ ಗಿಡಗಳು

ಬಂಡೆಯ ಚಾಚಿನಲ್ಲಿರುವ ಆರು ಗಿಡಗಳಿಂದ ಬೀಜ ತರಬೇಕು. ಕೆಲಸ ಇಷ್ಟೇ, ಆದರೆ ಬಂಡೆ ನೂರಿಪ್ಪತ್ತು ಅಡಿ ನೆಟ್ಟಗೆ ನಿಂತಿತ್ತು. ಸಂಶೋಧನಾ ತೋಟದಲ್ಲಿ ಬೆಳೆಸಿದ್ದ ಇದೇ ಜಾತಿಯ ಗಿಡಗಳನ್ನೆಲ್ಲ ಬೂದಿರೋಗ ನುಂಗಿ ನೀರು ಕುಡಿದಿತ್ತು. ಎಲೆಯ ಮೇಲೆ ಬಿಳಿ ಪುಡಿಯಂತೆ ಹಬ್ಬುವ ಶಿಲೀಂಧ್ರವದು. ಈ ಆರೂ ಹೋದರೆ ಗಿಡದ ವಂಶವೇ ನಿರ್ನಾಮ.

ಸಸ್ಯತಜ್ಞೆ ಅಕ್ಕ, ಬಂಡೆ ಹತ್ತಿಳಿಯುವುದನ್ನೇ ಕಸುಬು ಮಾಡಿಕೊಂಡ ತಮ್ಮ, ಮೇಲೆ ಮರಕ್ಕೆ ಹಗ್ಗ ಬಿಗಿದು ಕುಳಿತ ಅರಣ್ಯ ಕಾವಲುಗಾರ. ತಂಡ ಇಷ್ಟೇ.

"ನಿಧಾನ ಇಳೀರಮ್ಮಾ," ಕಾವಲುಗಾರ ಕೂಗಿದ. "ನಾನು ರಿಟೈರ್ ಆಗೋಕೆ ಎರಡೇ ತಿಂಗಳಿದೆ. ಈಗ ಕೆಟ್ಟ ಹೆಸರು ತರಬೇಡಿ!"

ಕಣಿವೆಯ ತುಂಬ ಮಂಜು. ಅದರಡಿ ಎಲ್ಲೋ ಹೊಳೆಯ ಸದ್ದು. ಅಕ್ಕ ಚಾಚಿನ ಮೇಲೆ ಕಾಲೂರಿ ಮೊದಲ ಗಿಡದ ಎಲೆ ಹಿಡಿದಳು. ಕೈ ಅಲ್ಲೇ ನಿಂತಿತು.

ಎಲೆ ಬೆಳ್ಳಗಿತ್ತು. ಪಕ್ಕದ್ದೂ ಬೆಳ್ಳಗಿತ್ತು. ಐದು ಗಿಡಗಳ ಕಾಯಿಗಳು ಬಲಿಯುವ ಮೊದಲೇ ಮುರುಟಿದ್ದವು. ತುದಿಯಲ್ಲಿದ್ದ ಆರನೆಯದೊಂದೇ ಹಸಿರಾಗಿತ್ತು.

"ಅಕ್ಕಾ," ಹಗ್ಗದಲ್ಲಿ ತೂಗುತ್ತಿದ್ದ ತಮ್ಮ ಕೇಳಿದ, "ರೋಗ ಬಂದಿರೋದಕ್ಕೆಲ್ಲ ಕೆಂಪು ರಿಬ್ಬನ್ ಇದೆಯಲ್ಲ, ಯಾರು ಕಟ್ಟಿದ್ದು?"

"ನಾನೇ. ಹೋದ ವರ್ಷ, ಗುರುತಿಗೆ. ಆ ತುದೀದು ಕೈಗೆ ಎಟುಕಲಿಲ್ಲ..."

ಅವಳು ರಿಬ್ಬನ್‌ಗಳತ್ತ ನೋಡಿದಳು. ಅವನ್ನು ಕಟ್ಟಿದ ದಿನ ಬೆಳಿಗ್ಗೆ ತೋಟದಲ್ಲಿ ರೋಗದ ಗಿಡಗಳನ್ನು ಕಿತ್ತು ನೇರ ಇಲ್ಲಿಗೆ ಬಂದಿದ್ದಳು. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಎರಡೆರಡು ಸಲ ತೊಳೆದಿದ್ದಳು. ರಿಬ್ಬನ್ ಕಟ್ಟಿದ್ದು ಮಾತ್ರ ತೋಟದಲ್ಲಿ ಹಾಕಿದ್ದ ಅದೇ ಕೈಗವಸಿನಲ್ಲಿ!

"ನಾನು ಅದನ್ನ ಮುಟ್ಟಲ್ಲ ಕಣೋ. ನೀನು ಹೋಗು. ಇವನ್ನ ಸೋಕದೆ ಹೋಗು."

ಚಾಚಿನ ದಾರಿಯಿದ್ದದ್ದು ಆ ಐದರ ನಡುವೆಯೇ. ತಮ್ಮ ಹಗ್ಗಕ್ಕೆ ಜೋತುಬಿದ್ದು ಹೊರಗಿನಿಂದ ಸರಿದ.

ಒಂದು ಹೆಜ್ಜೆ. ಇನ್ನೊಂದು.

ಕಾಲಡಿಯ ಕಲ್ಲು ಕಳಚಿತು. ಅವನು ತೂಗಿ ಬಂದು ಬಂಡೆಗೆ ಅಪ್ಪಳಿಸಿದ. ಅಕ್ಕ ಹಿಡಿಯಲು ಕೈ ಚಾಚಿದಳು, ಅದಕ್ಕೆ ಮೆತ್ತಿದ್ದ ಬಿಳಿ ಪುಡಿ ಕಂಡು ಥಟ್ಟನೆ ಹಿಂದಕ್ಕೆಳೆದುಕೊಂಡಳು.

"ಹಗ್ಗ ಬಿಗಿ ಹಿಡಿ ಅಣ್ಣಾ!" ತಮ್ಮ ಕಾವಲುಗಾರನಿಗೆ ಕೂಗಿದ.

"ಹಿಡಿದೀನಿ ಮಾರಾಯಾ, ಹೋಗು!"

"ಕಂದು ಕಾಯಿ ಮಾತ್ರ ಕೀಳು!" ಅಕ್ಕ ಕೂಗಿದಳು. "ಅರ್ಧದಷ್ಟು ಕಾಯಿ ಗಿಡದಲ್ಲೇ ಬಿಡು!"

ಎಂಟು ಕಾಯಿಗಳು ಕಾಗದದ ಲಕೋಟೆ ಸೇರಿದವು.

ಮೇಲೆ ಬರುವಷ್ಟರಲ್ಲಿ ತಮ್ಮನ ಹೆಗಲು ಬಾತಿತ್ತು. "ವರದೀಲಿ ರೋಗ ಗಾಳಿಗೆ ಬಂತು ಅಂತ ಬರಿ. ಯಾರಿಗೆ ಗೊತ್ತಾಗತ್ತೆ?" ಅವನೆಂದ.

"ತಂದಿದ್ದು ನಾನೇ ಅಂತ ಬರೀತೀನಿ. ನನ್ನ ಹಾಗೆ ರಿಬ್ಬನ್ ಕಟ್ಟೋರು ಇನ್ನೂ ಎಷ್ಟೋ ಜನ ಇದಾರೆ, ಅವರಿಗೂ ಗೊತ್ತಾಗ್ಲಿ."

ಅವನು ಲಕೋಟೆ ಚಾಚಿದ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ನೀನೇ ಇಟ್ಕೋ. ನಾನು ಜೀಪಲ್ಲಿ ಹಿಂದೆ, ಅದರಿಂದ ದೂರ ಕೂರ್ತೀನಿ."