ಓರೆ ತುಂಡಿನ ಲೆಕ್ಕ

“ಮಕ್ಳಾ, ಇದು ಪ್ಯಾರಲಲೋಗ್ರಾಮ್! ಗ್ರಾಮ್ ಅಂತ ತೂಕ ಹಾಕೋಕೆ ಹೋಗ್ಬೇಡಿ!”

ಭಾಗ್ಯಜ್ಯೋತಿ ಥೇಟ್ ರೇಖಾ ಮಿಸ್ ಧ್ವನಿಯಲ್ಲಿ ಹೇಳಿ, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿದಳು. ಏಳನೇ ಕ್ಲಾಸ್ ಬಿದ್ದು ಬಿದ್ದು ನಕ್ಕಿತು. ಆಮೇಲೆ ಒಮ್ಮೆಲೇ ಗಪ್‌ಚಿಪ್. ಬಾಗಿಲಲ್ಲಿ ರೇಖಾ ಮಿಸ್!

“ನಿಲ್ಲಿಸ್ಬೇಡಮ್ಮ. ಬೋರ್ಡ್ ಮೇಲಿರೋದರ ಏರಿಯಾ ಹೇಳು.”

ತಳ ಆರು ಸೆಂಟಿಮೀಟರ್. ಓರೆ ಬದಿ ಐದು. ನಡುವೆ ನೆಟ್ಟಗಿನ ಚುಕ್ಕಿಗೆರೆ, ನಾಲ್ಕು.

“ಆರೈದ್ಲಿ ಮೂವತ್ತು, ಮಿಸ್.”

“ನನ್ನ ವಾಯ್ಸ್ ಬಂತು, ಲೆಕ್ಕ ಬರ್ಲಿಲ್ಲ. ನಾಳೆ ಪಾಠ ನೀನೇ ಮಾಡು. ದೇವರಾಜನಿಗೆ ಅರ್ಥ ಆಗ್ಬೇಕು. ಇಲ್ಲಾಂದ್ರೆ ಸ್ಕೂಲ್ ಡೇಲಿ ನಿನ್ನ ಮಿಮಿಕ್ರಿ ಇಲ್ಲ.”

ದೇವರಾಜನಿಗಾ! ಲೆಕ್ಕದ ಪೀರಿಯಡ್‌ನಲ್ಲಿ ಅವನು ಕಿಟಕಿಯಾಚೆಯ ಬಸ್ಸು ಎಣಿಸುವವನು.

ಸಂಜೆ ಬಿಟಿಎಂ ಲೇಔಟ್‌ನ ಮನೆಯಲ್ಲಿ ಅಜ್ಜಿ ಮುರಿಗೆವ್ವ ಹಳೇ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು.

“ಯಾಕವಾ, ಮಾರಿ ಸಣ್ಣದ ಮಾಡೀದಿ?”

ಭಾಗ್ಯ ಎಲ್ಲ ಹೇಳಿದಳು. ಅಜ್ಜಿ ಒಂದು ಓರೆ ತುಂಡು ಮುಂದಿಟ್ಟಳು. “ಇದು ಎಷ್ಟ ಜಾಗಾ ಮುಚ್ಚತೈತಿ?”

ಭಾಗ್ಯ ಓರೆ ಅಂಚಿಗೆ ಸ್ಕೇಲ್ ಇಟ್ಟಳು.

“ಡೊಂಕ ಅಳದರ ಕೌದೀನೂ ಡೊಂಕ ಆಗತೈತಿ!” ಅಜ್ಜಿ ಮೇಲಿನ ಮೂಲೆಯಿಂದ ನೆಟ್ಟಗೆ ಕೆಳಕ್ಕೆ ಕತ್ತರಿಸಿದಳು. ತ್ರಿಕೋನದ ಚೂರನ್ನು ಆಚೆ ಬದಿಗೆ ಸರಿಸಿ ಕೂಡಿಸಿದಳು. ಆಯತವಾಯಿತು! “ತುಂಡಿನ ಅರಬಿ ಹೆಚ್ಚಾತೇನು? ಕಡಿಮಿ ಆತೇನು?”

“ಎರಡೂ ಇಲ್ಲ!” ಭಾಗ್ಯ ಹಾಳೆಯಲ್ಲಿ ಬೋರ್ಡಿನ ಆಕಾರ ಬರೆದು ಹಾಗೇ ಕತ್ತರಿಸಿದಳು. ಉದ್ದ ಆರು, ಎತ್ತರ ನಾಲ್ಕು. ಇಪ್ಪತ್ನಾಲ್ಕು!

ಮರುದಿನ ರೇಖಾ ಮಿಸ್ ಕೊನೇ ಬೆಂಚಿನಲ್ಲಿ ಕೂತರು. ಭಾಗ್ಯ ಪಾಠ ಮಾಡಿದಳು. ಎಲ್ಲರಿಗೂ ಅರ್ಥವಾಯಿತು, ದೇವರಾಜನನ್ನು ಬಿಟ್ಟು.

“ಇನ್ನೊಂದ್ ಸಲ ಹೇಳು ಗುರು,” ಎಂದ. ಹೇಳಿದಳು. “ಇನ್ನೊಂದೇ ಒಂದ್ ಸಲ.” ಮತ್ತೆ ಹೇಳಿದಳು.

ಕೊನೆಗೆ ಅದೇ ಆಕಾರ ಬರೆದ ಹಾಳೆಗಳು, ಕತ್ತರಿ ಕೊಟ್ಟು ಅವನ ಪಕ್ಕವೇ ಕೂತಳು. “ನೀನೇ ಕಟ್ ಮಾಡು.”

ಅವನು ಮೂಲೆಯಿಂದ ಎದುರು ಮೂಲೆಗೆ ಕತ್ತರಿಸತೊಡಗಿದ. ‘ಅಯ್ಯೋ, ಅಲ್ಲಲ್ವೋ!’ ಎಂಬುದು ನಾಲಿಗೆಯ ತುದಿಗೆ ಬಂತು. ಭಾಗ್ಯ ನುಂಗಿಕೊಂಡಳು.

ಅವನು ಎರಡೂ ಚೂರುಗಳನ್ನು ಆಚೀಚೆ ಮಾಡಿ ಕೂಡಿಸಿದ. “ಥೂ, ಮತ್ತೆ ಡೊಂಕೇ ಬಂತಲ್ಲೇ!” ಅವನೇ ಇನ್ನೊಂದು ಹಾಳೆ ತಗೊಂಡ. ತುಂಬಾ ಹೊತ್ತು ನೋಡಿದ. ಈ ಸಲ ಕತ್ತರಿ ನೆಟ್ಟಗೆ ಇಳಿಯಿತು. ಚೂರನ್ನು ಆಚೆಗೆ ಸರಿಸಿದ.

“ಅರೇ! ಓರೆಯ ಐದು ಬೇಕಾಗೇ ಇಲ್ಲ! ಆರ್ ನಾಲ್ಕ್ಲಿ ಇಪ್ಪತ್ನಾಲ್ಕು! ಸಖತ್!”

ಭಾಗ್ಯ ಹಿಂದೆ ತಿರುಗಿದಳು. ರೇಖಾ ಮಿಸ್, ಎದ್ದು ಬಂದು ತಾವೇ ತೋರಿಸಿಬಿಡದಂತೆ, ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಈಗಷ್ಟೇ ನಿಧಾನವಾಗಿ ಬಿಟ್ಟರು.

ಭಾಗ್ಯ ತನ್ನ ಕೈಗಳನ್ನು ನೋಡಿಕೊಂಡಳು. ಅವೂ ಇನ್ನೂ ಹಾಗೇ ಬಿಗಿದಿದ್ದವು.