ತೂಕದ ದಿನದ ಮೇಕೆ

ಆ ಮನೆ ತನಗೇ ಅಂತ ಎಸ್ನತ್ ಹತ್ತೊಂಬತ್ತು ವರ್ಷ ನಂಬಿದ್ದಳು. ಶುರುಗ್ವಿ ಎಂಬ ಗಣಿಯೂರಿನ ಗುಡ್ಡದ ಮೇಲಿನ ವೃದ್ಧಾಶ್ರಮಕ್ಕೆ ಅವಳೇ ಮೇಟ್ರನ್. ಇಪ್ಪತ್ತು ವರ್ಷ ತುಂಬಿದ ದಿನ ಆವರಣದ ಕೆಂಪು ಹೆಂಚಿನ ಮನೆ ನಿನ್ನದು ಎಂದು ಸಮಿತಿಯವರು ಬೈಬಲ್ ಮುಟ್ಟಿ ಹೇಳಿದ್ದರು. ಇನ್ನು ಐದು ತಿಂಗಳಿರುವಾಗ ಅಧ್ಯಕ್ಷರ ತಂಗಿಯ ಮಗ ತನ್ನ ಮಂಚ, ಕೋಳಿಗೂಡು ಸಮೇತ ಅಲ್ಲಿಗೆ ಬಂದು ಇಳಿದ. ಕೇಳಲು ಹೋದರೆ ಅಧ್ಯಕ್ಷರು, "ಪತ್ರ ಎಲ್ಲಿದೆ ಮೇಟ್ರನ್ನಮ್ಮ? ಬಾಯಿ ಮಾತಿಗೆಲ್ಲ ಮನೆ ಕೊಡೋಕಾಗುತ್ತಾ?" ಅಂದುಬಿಟ್ಟರು. ಎಷ್ಟು ಮುದುಕರ ಹೇಲು ಬಳಿದ ಕೈ ಅದು! ಆ ಕೈಯನ್ನೇ ನೋಡಿಕೊಳ್ಳುತ್ತ ಎಸ್ನತ್ ಮೆಟ್ಟಿಲಿಳಿದಳು.

ಅವಳ ಪರವಾಗಿ ಬಾಯಿ ತೆರೆದವನು ಒಬ್ಬನೇ, ಜೈರೊಸ್ ಮೊಯೊ. ಕ್ರೋಮ್ ಗಣಿಯಲ್ಲಿ ದುಡಿದು ಎದೆ ಹಾಳುಮಾಡಿಕೊಂಡು ಆಶ್ರಮ ಸೇರಿದ ಎಂಬತ್ತರ ಮುದುಕ. ಸಭೆಯ ನಡುವೆ ಊರುಗೋಲು ಕುಟ್ಟಿ, "ಮಾತು ನುಂಗೋರಿಗೆ ಅನ್ನ ಹೇಗ್ರಯ್ಯಾ ಇಳಿಯುತ್ತೆ?" ಎಂದು ಕೂಗಾಡಿದ್ದ.

ಎಸ್ನತ್ ಕೂಗಾಡಲಿಲ್ಲ. ಗುಡ್ಡದ ಕೆಳಗೆ ಒಂದು ನಿವೇಶನ ಹಿಡಿದು ತನ್ನ ಮನೆಯನ್ನು ತಾನೇ ಕಟ್ಟತೊಡಗಿದಳು. ಆಶ್ರಮಕ್ಕೆ ದಾನವಾಗಿ ಬರುವ ಹಾಲಿನ ಪುಡಿ, ಕಡಲೆಕಾಯಿ ಬೆಣ್ಣೆ, ಒಣಮೀನು, ವಾರದ ಮಾಂಸ ಎಲ್ಲ ಹಿಂಬಾಗಿಲಿನಿಂದ ಹೋಗಿ ಇಟ್ಟಿಗೆಯಾದವು, ಸಿಮೆಂಟಾದವು. ಉಂಡ ಮನೆಗೆ ಎರಡು ಬಗೆಯುವ ಕೆಲಸ ಇದಲ್ಲ, ಮೋಸ ಮಾಡಿದವರಿಂದ ತನ್ನ ಪಾಲು ಎತ್ತಿಕೊಳ್ಳುವುದು ಅಂತ ಅವಳ ಲೆಕ್ಕ. ಆ ಪಾಲು ಅಧ್ಯಕ್ಷರ ತಟ್ಟೆಯದಲ್ಲ, ಮುದುಕರ ತಟ್ಟೆಯದು ಅನ್ನುವುದನ್ನು ಮಾತ್ರ ಅವಳು ಯೋಚಿಸುತ್ತಿರಲಿಲ್ಲ. ಹಲ್ಲಿಲ್ಲದ ಬಾಯಿಗೆ ಗಂಜಿಗಿಂತ ಹಿತ ಯಾವುದಿದೆ?

ಅಡುಗೆಮನೆಗೂ ಸುಖವಾಯಿತು. ಮೊದಲೆಲ್ಲ ಮಾಂಸದ ದಿನ ದೊಡ್ಡ ರಗಳೆ. ಈ ಬೆಡಗಿನವರು, ಅಂದರೆ ಈ ಕುಲದವರು, ಇದನ್ನು ಮುಟ್ಟುವುದಿಲ್ಲ, ಆ ಬೆಡಗಿನವರಿಗೆ ಅದು ನಿಷೇಧ ಅಂತ ನಾಲ್ಕು ಪಾತ್ರೆ ಬೇರೆ ಬೇರೆ ಇಡಬೇಕಿತ್ತು. ಗಂಜಿಗೆ ಯಾವ ಬೆಡಗು? ಎರಡು ವರ್ಷದಿಂದ ಒಂದೇ ಪಾತ್ರೆ, ಒಂದೇ ಸೌಟು.

ಚಾವಣಿ ಒಂದು ಬಾಕಿ ಇರುವಾಗ ಸಮಾಜ ಕಲ್ಯಾಣ ಇಲಾಖೆಯ ಕಾಗದ ಬಂತು. ಹೋದ ಸಲ ತೂಕ ತೀರ ಇಳಿದಿದ್ದ ಆರು ಜನರನ್ನು ಇನ್ನೆರಡು ವಾರದಲ್ಲಿ ಮತ್ತೆ ತೂಗುತ್ತಾರೆ. ಏರದಿದ್ದರೆ ಮೇಟ್ರನ್ ಮೇಲೆ ಪೊಲೀಸ್ ದೂರು. ಆರರಲ್ಲಿ ಮೊದಲ ಹೆಸರು ಜೈರೊಸ್ ಮೊಯೊನದು. ಈಗ ಅವನ ತೋಳು ಅವನ ಊರುಗೋಲಿನಷ್ಟೇ ದಪ್ಪ.

ಎಸ್ನತ್ ಗಾಬರಿಯಾಗಲಿಲ್ಲ. ಹಳೆಯ ಅಧಿಕಾರಿಗೆ ವರ್ಗವಾಗಿತ್ತು. ಹೊಸದಾಗಿ ಬರುವ ಸರುಡ್ಜಾಯಿ ಈ ಮುದುಕರ ಮುಖ ಕಂಡವಳಲ್ಲ. ಗುರುತಿನ ಚೀಟಿಯ ಫೋಟೊಗಳೋ, ಯಾವುದೋ ಕಾಲದವು, ಮುಖ ತಿಳಿಯದಷ್ಟು ಮಾಸಿದವು. ಮೂಳೆಗೆ ಮಾಂಸ ಹತ್ತಿಸಲು ಎರಡು ವಾರ ಸಾಲದು, ಮುದುಕರನ್ನೇ ಬದಲಾಯಿಸಲು ಒಂದು ಬೆಳಗ್ಗೆ ಸಾಕು.

ತನ್ನ ಕೇರಿಯಿಂದಲೇ ಆರು ಜನ ಗುಂಡುಗುಂಡಗಿನ ಹಿರಿಯರನ್ನು ಆರಿಸಿದಳು. ಕೂಲಿ ಏನೂ ಇಲ್ಲ, ಮೇಕೆ ಊಟ. ಜೈರೊಸನ ಜಾಗಕ್ಕೆ ಪಕ್ಕದ ಮನೆಯ ಫಾನುಯೆಲ್, ಒಂದು ಕಾಲದ ಬಸ್ ಡ್ರೈವರ್, ಸಿಂಹದ ಬೆಡಗಿನವನು. ಸತತ ಮೂರು ಸಂಜೆ ಪಾಠವಾಯಿತು.

"ನೀನು ಇನ್ನು ಮೊಯೊ, ಗುಂಡಿಗೆಯ ಬೆಡಗು. ಬರೋ ಅಧಿಕಾರಿಯಮ್ಮನೂ ಮೊಯೊನೇ. ಕೈ ತಟ್ಟಿ 'ಅಪ್ಪಾ' ಅಂತಾಳೆ, ನೀನು 'ಮಗಳೇ' ಅನ್ನಬೇಕು."

"ಬಿಟ್ಟಿ ಮಗಳು ಸಿಕ್ತಾಳೆ ಅಂದ್ರೆ ಯಾರು ಬೇಡ ಅಂತಾರೆ? ಮೇಕೆ ಮಾತ್ರ ಎಳೇದಿರ್ಲಿ ತಾಯಿ!"

ಒಂದೇ ಬೆಡಗು ಅಂದಮೇಲೆ ರಕ್ತಸಂಬಂಧವಿದ್ದ ಹಾಗೆ. ಅಪ್ಪನ ಮೇಲೆ ಮಗಳಿಗೆ ಅನುಮಾನ ಬರುವುದುಂಟೆ? ದೇವರೇ ತನ್ನ ಪರ ನಿಂತಿದ್ದಾನೆ ಅನ್ನಿಸಿತು ಎಸ್ನತ್‌ಗೆ.

ಆ ಬೆಳಗ್ಗೆ ನಿಜವಾದ ಆರು ಜನರನ್ನು ಹಿಂದಿನ ಬಟ್ಟೆ ಒಗೆಯುವ ಕೋಣೆಗೆ ಸಾಗಿಸಿದಳು. ಕಂಬಳಿ, ಬ್ರೆಡ್ಡು, ಸಕ್ಕರೆ ಜಾಸ್ತಿ ಹಾಕಿದ ಚಹಾ. ಜೈರೊಸ್ ಮೂಗೆತ್ತಿ ಗಾಳಿ ಹೀರಿದ.

"ಮೇಕೆ ವಾಸನೆ ಅಲ್ವಾ ಮಗಳೇ? ನಮಗೂ ಉಂಟೋ, ಬರೀ ಮೂಗಿಗೇನೋ?"

"ಉಂಟು ತಾತ. ಆಮೇಲೆ. ಸದ್ದು ಮಾಡ್ಬೇಡಿ, ಡಾಕ್ಟರು ಹೇಳಿದ್ದಾರೆ."

"ನೀನು ಹೇಳಿದ್ಮೇಲೆ ಮುಗೀತು," ಎಂದು ಅವನು ಕಣ್ಣು ಮುಚ್ಚಿದ. ಎಸ್ನತ್ ಹೊರಗಿನಿಂದ ಚಿಲಕ ಹಾಕಿದಳು. ಚಾವಣಿ ಆದಮೇಲೆ ಇವರಿಗೆ ಹಾಲು ಮತ್ತೆ ಶುರುಮಾಡುತ್ತೇನೆ ಅಂದುಕೊಂಡಳು. ಎಲ್ಲ ಆಗಿದ್ದು ಸಮಿತಿಯವರಿಂದ.

ಸರುಡ್ಜಾಯಿ ಹನ್ನೊಂದಕ್ಕೆ ಬಂದಳು. ಎಳೆಯ ಹುಡುಗಿ, ನಗುಮುಖ. ಫಾನುಯೆಲ್ ಮುಂದೆ ಮೊಣಕಾಲೂರಿ ಕೈ ತಟ್ಟಿದಳು. "ಮೊಯೊ! ಚೆನ್ನಾಗಿದ್ದೀರಾ ಅಪ್ಪಾ?"

"ಮಗಳನ್ನ ಕಂಡ್ಮೇಲೆ ಇನ್ನೇನು ಕಮ್ಮಿ!"

ತಕ್ಕಡಿಯ ಮುಳ್ಳು ಆರು ಸಲವೂ ಗತ್ತಿನಿಂದ ಮೇಲೇರಿತು. "ಒಂದು ವರ್ಷಕ್ಕೆ ಹದಿನೆಂಟು ಕಿಲೊ! ಏನು ಮಾಯ ಮಾಡಿದ್ರಿ ಮೇಟ್ರನ್ನಮ್ಮ?" ಅಂದಳು ಹುಡುಗಿ.

"ಪ್ರೀತಿಯಿಂದ ಬಡಿಸಿದ್ರೆ ನೀರೂ ಮೈಗೆ ಹತ್ತುತ್ತೆ ಕಣಮ್ಮ. ಊಟ ಮಾಡ್ಕೊಂಡೇ ಸಹಿ ಹಾಕಿ."

ಊಟವನ್ನು ಎಸ್ನತ್ ತಾನೇ ಬಡಿಸಿದಳು. ಬಿಸಿ ಮುದ್ದೆ, ಸೊಪ್ಪು, ಮೇಕೆಯ ಸಾರು. ಎಲ್ಲರಿಗಿಂತ ಹಿರಿಯನಿಗೆ ಮೇಕೆಯ ಒಳ್ಳೆಯ ತುಂಡು ಸಲ್ಲಬೇಕು, ಈ ಮರ್ಯಾದೆಯನ್ನು ಅಧಿಕಾರಿ ಕಣ್ಣಾರೆ ನೋಡಲಿ ಎಂದು ಆ ತುಂಡನ್ನು ಆರಿಸಿ ಫಾನುಯೆಲ್‌ನ ತಟ್ಟೆಗೆ ಹಾಕಿದಳು. ಕೇರಿಯ ಎಷ್ಟು ಹಬ್ಬಗಳಲ್ಲಿ ಅವನಿಗೆ ಅದನ್ನೇ ಬಡಿಸಿದ್ದಳೋ! ಕೈಗೆ ಅಭ್ಯಾಸವಾಗಿತ್ತು. ಅವನು ಕಣ್ಣು ಮುಚ್ಚಿ ಅಗಿದ. ಸರುಡ್ಜಾಯಿ ಪೆನ್ನು ತೆರೆದು ಕಾಗದ ಎಳೆದುಕೊಂಡಳು.

"ರುಚಿಯಾಗಿದೆಯಾ ಅಪ್ಪಾ? ಏನದು?" ಎಂದು ಸುಮ್ಮನೆ ಕೇಳಿದಳು. "ಮೇಕೆ ಗುಂಡಿಗೆ ಮಗಳೇ, ಬೆಣ್ಣೆ ಇದ್ದ ಹಾಗಿದೆ! ನೀನೂ ಒಂಚೂರು ತಗೋ," ಎಂದು ಫಾನುಯೆಲ್ ತಟ್ಟೆ ಮುಂದೆ ಮಾಡಿದ. ಎರಡು ವರ್ಷದಿಂದ ಮಾಂಸವನ್ನೇ ಕಾಣದ ಅಡುಗೆಮನೆಯಲ್ಲಿ ಯಾರ ತಟ್ಟೆಗೆ ಏನು ಹಾಕಬಾರದು ಅನ್ನುವುದೇ ಮರೆತುಹೋಗಿತ್ತು. ಎಸ್ನತ್‌ಗೆ ಅದು ನೆನಪಾದಾಗ ಸೌಟು ಅವಳ ಕೈಯಲ್ಲೇ ಇತ್ತು. ಹುಡುಗಿ ಪೆನ್ನಿಗೆ ಮುಚ್ಚಳ ಹಾಕಿ ಎದ್ದುನಿಂತಳು. ಮುಖದಲ್ಲಿ ನಗು ಇರಲಿಲ್ಲ. "ಮೇಟ್ರನ್ನಮ್ಮ, ಗುಂಡಿಗೆಯ ಬೆಡಗಿನವರು ನಾವು. ಪ್ರಾಣ ಹೋದ್ರೂ ಗುಂಡಿಗೆ ತಿನ್ನಲ್ಲ, ತಿಂದ್ರೆ ಹಲ್ಲುದುರುತ್ತೆ ಅಂತ ಹಾಲು ಕುಡಿಯೋವಾಗ್ಲೇ ಹೇಳಿಕೊಟ್ಟಿರ್ತಾರೆ. ಇವರು ಯಾರೋ ನಂಗೊತ್ತಿಲ್ಲ. ನಮ್ಮಪ್ಪ ಎಲ್ಲಿ?"